ಕುದುರೆ ಕೆಡಿಸಿದ ಸ್ಕೋರು

ಒಲ್ಲೆ ಎನ್ನಲು ಬಾರದವರ ಮನೆಗೆ ಇಂಥ ಪ್ರಸಂಗಗಳು ತಾವೇ ವಿಳಾಸ ಕೇಳಿಕೊಂಡು ಬರುತ್ತವೆ. ನಾನು ವರ್ಷಗಟ್ಟಲೆ ಕಾಲೇಜಿನಲ್ಲಿ ತರ್ಕಶಾಸ್ತ್ರ ಕಲಿಸಿದವನು. ಯಾರ ವಾದದಲ್ಲಿ ಎಲ್ಲಿ ತೂತಿದೆ ಎಂದು ಕೂತಲ್ಲೇ ಹೇಳಬಲ್ಲೆ. ಆದರೆ ನೆಂಟನೊಬ್ಬ ಚಹಾ ಕುಡಿದು, ಕಪ್ಪು ಕೆಳಗಿಟ್ಟು, "ಅಣ್ಣಾರ, ಒಂದು ಮಾತಿತ್ರಿ" ಎಂದರೆ ನನ್ನ ತರ್ಕ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋಗುತ್ತದೆ. ನಮ್ಮ ಕಡೆ ಇದಕ್ಕೆ ಮುಲಾಜು ಎನ್ನುತ್ತಾರೆ. ರೋಗವೆಂದು ಯಾರೂ ಒಪ್ಪುವುದಿಲ್ಲ, ಹಾಗಾಗಿ ಔಷಧಿಯೂ ಇಲ್ಲ.

ಬರೇ ಒಂದು ಸಹಿ

ನನ್ನ ಹೆಂಡತಿಯ ತಂಗಿಯ ಗಂಡ, ಅಂದರೆ ನನ್ನ ಷಡ್ಡಕ, ಹುಬ್ಬಳ್ಳಿಯವನು. ಮದುವೆ ಮೆರವಣಿಗೆಗೆ ಬಾಡಿಗೆ ಕೊಡಲು ಒಂದು ಬಿಳಿ ಕುದುರೆ ಮತ್ತು ಸಾರೋಟು ಕೊಳ್ಳಬೇಕೆಂದು ಅವನ ಯೋಜನೆ. ಸಾಲಕ್ಕೆ ಜಾಮೀನುದಾರ ಬೇಕಾಗಿತ್ತು.

"ರೊಕ್ಕ ಕೇಳಾಕತ್ತಿಲ್ರಿ ಅಣ್ಣಾರ. ಬರೇ ಒಂದು ಸಹಿ."

ಹೆಂಡತಿ ಅಡುಗೆಮನೆಯ ಬಾಗಿಲಿನಿಂದ ನನ್ನನ್ನು ನೋಡಿದಳು. ಹಾಕಬೇಡಿ ಎಂದೂ ಇತ್ತು ಆ ನೋಟದಲ್ಲಿ, ಹಾಕದಿದ್ದರೆ ತಂಗಿಗೆ ಏನು ಹೇಳಲಿ ಎಂದೂ ಇತ್ತು. ನಾವಿರುವ ಮಾಳಮಡ್ಡಿಯ ಮನೆಯ ಮಾಲೀಕರು ನಿವೃತ್ತ ಹೆಡ್‌ಮಾಸ್ತರರು. ಹೊರಗೆ ಕಟ್ಟೆಯ ಮೇಲೆ ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದರು.

"ಹಾಕ್ರಿ ಪ್ರೊಫೆಸರ್. ಸಹಿಗೇನು ರೊಕ್ಕ ಬೀಳ್ತದೇನು? ಮನುಷ್ಯಾರಿಗೆ ಮನುಷ್ಯಾರೇ ಆಗಬೇಕು" ಎಂದರು. ಹಾಕಿದೆ.

ಕುದುರೆ ನೋಡಲು ಚೆಂದವಿತ್ತು. ಅದಕ್ಕೆ ಬ್ಯಾಂಡಿನ ಸದ್ದು ಆಗುವುದಿಲ್ಲ ಎಂಬುದು ಮೊದಲ ಮದುವೆಯಲ್ಲೇ ತಿಳಿಯಿತು. ಡೋಲಿಗೆ ಮೊದಲ ಏಟು ಬಿದ್ದದ್ದೇ, ಅದು ಮದುಮಗನ ಸಮೇತ ಕಲ್ಯಾಣಮಂಟಪ ದಾಟಿ ಬೈಪಾಸಿನ ಕಡೆ ಓಡಿತು. ಹಿಂದೆ ಬೀಗರ ಟೆಂಪೊ ಓಡಿತು. ಮದುಮಗ ಮಂಟಪಕ್ಕೆ ತಿರುಗಿ ಬಂದದ್ದು ಆಟೋದಲ್ಲಿ.

ಆಮೇಲೆ ಆ ಕುದುರೆಯನ್ನು ಯಾರೂ ಕರೆಯಲಿಲ್ಲ. ಕಂತುಗಳು ನಿಂತವು. ಬ್ಯಾಂಕಿನವರು ನನ್ನ ಹತ್ತಿರ ಬಂದರು. ಸಾರೋಟು ಮಾರಿ, ನನ್ನ ಉಳಿತಾಯ ಸೇರಿಸಿ, ಮೂರು ವರ್ಷಕ್ಕೆ ಅಂತೂ ಸಾಲ ತೀರಿತು. ಕುದುರೆ ಮಾತ್ರ ಷಡ್ಡಕನ ಹಿತ್ತಲಿನಲ್ಲೇ ಉಳಿಯಿತು. ನನ್ನ ಕ್ರೆಡಿಟ್ ಸ್ಕೋರು ಅದರ ಬೆನ್ನು ಹತ್ತಿ ಬೈಪಾಸಿಗೆ ಹೋದದ್ದು ಇನ್ನೂ ತಿರುಗಿ ಬಂದಿಲ್ಲ. ಅದಕ್ಕೆ ಆಟೋ ಸಿಕ್ಕಿಲ್ಲ.

ಚಾಕಲೇಟಿನ ಬಟ್ಟಲು

ಅಷ್ಟರಲ್ಲಿ ವಿದ್ಯಾರ್ಥಿಗಳಿಲ್ಲದೆ ನಮ್ಮ ವಿಭಾಗ ಮುಚ್ಚಿತು. ಹಳೆಯ ಖಾತೆಯಲ್ಲಿ ಕನಿಷ್ಠ ಶಿಲ್ಕು ಇಲ್ಲವೆಂದು ಬ್ಯಾಂಕು ದಂಡ ಹಾಕಿತು. ದಂಡ ಹಾಕಿದ್ದರಿಂದ ಶಿಲ್ಕು ಇನ್ನೂ ಕಡಿಮೆಯಾಯಿತು. ಅದಕ್ಕೆ ಮತ್ತೆ ದಂಡ. ಇಂಥ ವಾದಕ್ಕೆ ನಾನು ವಿದ್ಯಾರ್ಥಿಗಳಿಗೆ ಸೊನ್ನೆ ಕೊಡುತ್ತಿದ್ದೆ. ಬ್ಯಾಂಕು ನನಗೆ ಸೊನ್ನೆ ಕೊಟ್ಟಿತು. ಖಾತೆ ಮುಚ್ಚಿದೆ.

ಕೆಲವು ತಿಂಗಳ ಮೇಲೆ ನವನಗರದ ಒಂದು ಕೋಚಿಂಗ್ ಸೆಂಟರಿನಲ್ಲಿ ಕೆಲಸ ಸಿಕ್ಕಿತು. ಅಲ್ಲಿಯ ಲೆಕ್ಕಿಗ ಮೊದಲ ದಿನವೇ ಹೇಳಿದ: "ತಿಂಗಳ ಕಡೀಕ ನಿಮ್ಮ ಖಾತೆ ನಂಬರ್ ಬೇಕ್ರಿ ಸರ. ಇಲ್ಲಂದ್ರ ಪಗಾರ ನಿಲ್ಲತೈತಿ. ಇಲ್ಲಿ ಕೈಯಾಗ ಕೊಡೂ ಪದ್ಧತಿ ಇಲ್ಲ."

ಮನೆಯಲ್ಲಿ ಪಗಾರದ ಮುಖ ನೋಡಿ ಬಹಳ ದಿನವಾಗಿತ್ತು. ಬಾಡಿಗೆ ನಿಂತಿತ್ತು. ಹೆಡ್‌ಮಾಸ್ತರರು ಮುಲಾಜಿಗೆ ಬಾಡಿಗೆ ಕೇಳುತ್ತಿರಲಿಲ್ಲ. ನನ್ನನ್ನು ಕಂಡಾಗಲೆಲ್ಲ ನೀರಿನ ಬಿಲ್ಲಿನ ಮಾತು ತೆಗೆದು ನಿಟ್ಟುಸಿರು ಬಿಡುತ್ತಿದ್ದರು, ಅಷ್ಟೇ.

ಮೊದಲು ಹೋದದ್ದು ಒಂದು ಖಾಸಗಿ ಬ್ಯಾಂಕಿಗೆ. ಒಳಗೆ ತಂಪಾಗಿತ್ತು. ಟೈ ಕಟ್ಟಿದ ಹುಡುಗ ಚಾಕಲೇಟಿನ ಬಟ್ಟಲನ್ನು ನನ್ನ ಕಡೆ ಸರಿಸಿದ.

"ನಿಮ್ಮಂಥಾವ್ರಿಗೆ ಬರೇ ಖಾತೆ ಯಾಕ್ರಿ ಸರ? ಜೋಡಿ ಕ್ರೆಡಿಟ್ ಕಾರ್ಡೂ ಕೊಡ್ತೀವ್ರಿ."

ಕೊಡುವ ಮೊದಲು ಕಂಪ್ಯೂಟರು ನೋಡಿದ. ಇನ್ನೊಮ್ಮೆ ನೋಡಿದ. ಆಮೇಲೆ ಬಟ್ಟಲನ್ನು ಮೆಲ್ಲಗೆ ತನ್ನ ಕಡೆ ಎಳೆದುಕೊಂಡ.

"ಆಗೂದಿಲ್ರಿ ಸರ. ಸಿಸ್ಟಮ್ ತಗೋಳೋದಿಲ್ಲ."

"ನಾ ಸಾಲ ಕೇಳಾಕತ್ತಿಲ್ಲಪಾ. ನನ್ನ ರೊಕ್ಕ ನಿಮ್ಮಲ್ಲಿ ಇಡ್ತೀನಿ ಅನ್ನಾಕತ್ತೇನಿ. ಹೆದರಬೇಕಾದಾಂವ ನಾ."

ಹುಡುಗನಿಗೆ ಕನಿಕರ ಬಂತು. ದನಿ ಇಳಿಸಿ ಹೇಳಿದ: "ಒಂದು ದಾರಿ ಐತ್ರಿ ಸರ. ನಿಮಗ ಯಾರರ ಜಾಮೀನು ನಿಲ್ತಾರೇನು ನೋಡ್ರಿ."

ಮುಂಗಡ ಊಟ

ಹುಬ್ಬಳ್ಳಿಯ ಕಮರಿಪೇಟೆಯಲ್ಲಿ ಮೊಬೈಲು ರಿಪೇರಿ ಮಾಡುವ ಅಂಗಡಿಯೊಂದಿದೆ. ಅದರ ಮಾಲೀಕನನ್ನು ಇಡೀ ಓಣಿ ಚಾಚಾ ಎಂದು ಕರೆಯುತ್ತದೆ. ಗಾಜಿನ ಮೇಲೆ ಚೀಟಿ ಅಂಟಿಸಿದ್ದ: ಪ್ರೀಪೇಯ್ಡ್ ಕಾರ್ಡು ಸಿಗುತ್ತದೆ.

"ಮದಲ ರೊಕ್ಕ ತುಂಬೋದು, ಆಮ್ಯಾಲ ಖರ್ಚು ಮಾಡೋದು. ಇದಕ್ಕ ಸ್ಕೋರ್ ಗೀರ್ ಏನೂ ಬ್ಯಾಡ್ರಿ ಸಾಹೇಬ್ರ" ಎಂದ ಚಾಚಾ.

ನಾನು ಸ್ಟೂಲು ಎಳೆದುಕೊಂಡು ಅದರ ಜೊತೆಗಿನ ಷರತ್ತುಗಳನ್ನು ಓದತೊಡಗಿದೆ. ಕಾರ್ಡು ಕೊಳ್ಳಲು ಶುಲ್ಕ, ತುಂಬಲು ಶುಲ್ಕ. ಕೆಲವು ತಿಂಗಳು ಸುಮ್ಮನೆ ಇಟ್ಟರೆ, ಸುಮ್ಮನೆ ಇಟ್ಟಿದ್ದಕ್ಕೂ ಶುಲ್ಕ. ಹಿಂದೆ ಗಿರಾಕಿಗಳು ಗುಣುಗುಟ್ಟಿದರು. ಚಾಚಾ ಅವರಿಗೆ ಸಮಾಧಾನ ಹೇಳಿದ: "ಸ್ವಲ್ಪ ತಡೀರೆಪಾ. ಇದನ್ನ ಓದಾಂವ ಇವತ್ತ ಮದಲನೇ ಸಲ ಬಂದಾನ. ಏನ್ ಬರದಾರ ನಮಗೂ ತಿಳೀಲಿ."

"ಇದರಾಗ ಪಗಾರ ಹಾಕ್ಸಿಕೋಬಹುದೇನು ಚಾಚಾ?"

"ಪಗಾರ ಖಾತೇಕ್ಕ ಬರತೈತ್ರಿ. ಇದಕ್ಕ ನೀವೇ ತುಂಬಬೇಕು."

ಅಲ್ಲಿಗೆ ಎದ್ದು ಬರಬೇಕಾಗಿತ್ತು. ಆದರೆ ಅಷ್ಟು ಹೊತ್ತು ಅವನ ಸ್ಟೂಲಿನ ಮೇಲೆ ಕೂತಿದ್ದೆ. ನಡುವೆ ಚಹಾನೂ ತರಿಸಿದ್ದ. ಮುಲಾಜಿಗೆ ಒಂದು ಕಾರ್ಡು ಕೊಂಡು, ಸ್ವಲ್ಪ ರೊಕ್ಕವನ್ನೂ ತುಂಬಿಸಿದೆ.

ಕೊಂಡದ್ದು ದಂಡವಾಗಬಾರದೆಂದು ಅದರಲ್ಲಿದ್ದ ದುಡ್ಡಿನಲ್ಲಿ ಹೆಂಡತಿಯನ್ನು ಖಾನಾವಳಿಗೆ ಕರೆದುಕೊಂಡು ಹೋದೆ. ರೊಟ್ಟಿ, ಎಣಗಾಯಿ, ಶೇಂಗಾ ಹಿಂಡಿ ಎಲ್ಲ ಆಯಿತು. ಗಲ್ಲೆಯ ಮೇಲಿದ್ದ ಯಂತ್ರ ನನ್ನ ಕಾರ್ಡನ್ನು ಒಳಗೆ ತಗೊಂಡು, ಯೋಚಿಸಿ, ಶುಲ್ಕ ಕಳೆದು ಉಳಿದದ್ದು ಸಾಲದೆಂದು ಒಲ್ಲೆ ಎಂದಿತು. ಯಂತ್ರಕ್ಕೆ ಆ ಮಾತು ಎಷ್ಟು ಸಲೀಸಾಗಿ ಬರುತ್ತದೆ. ಜೇಬು ತಡಕಿದೆ. ಚಿಲ್ಲರೆ ಮಾತ್ರ ಇತ್ತು.

ಖಾನಾವಳಿಯ ಯಜಮಾನರು ನಕ್ಕರು. "ಇರ್ಲಿ ಬಿಡ್ರಿ ಸರ. ಉದ್ರಿ ಬರಕೋತೀನಿ. ಈ ಕಡೆ ಬಂದಾಗ ಕೊಡ್ರಿ. ನಿಮ್ಮನ್ನ ನೋಡಿದ್ರ ಗೊತ್ತಾಗೂದಿಲ್ಲೇನು?"

ನನ್ನ ಮೇಲೆ ಒಬ್ಬರಿಗಾದರೂ ನಂಬಿಕೆ ಇದೆಯಲ್ಲ ಎಂದು ಹಿಗ್ಗಿದೆ. ಹೆಂಡತಿ ಹಿಗ್ಗಲಿಲ್ಲ.

"ಜೀವಮಾನದಾಗ ಉದ್ರಿ ಉಂಡಿರಲಿಲ್ಲ" ಎಂದಳು ಹೊರಗೆ ಬಂದು. "ಮುಂಗಡ ರೊಕ್ಕ ತುಂಬಿ ಅದನ್ನೂ ಮಾಡಿಸಿದ್ರಿ."

ಕೌಂಟರಿನ ಮುಂದೆ ಕಥೆ

ತಿಂಗಳು ಮುಗಿಯುತ್ತ ಬಂದಿತ್ತು. ಉಳಿದದ್ದು ಮಾಳಮಡ್ಡಿಯಲ್ಲೇ ಇದ್ದ ಸರಕಾರಿ ಬ್ಯಾಂಕು. ಅಲ್ಲಿ ಶಿಲ್ಕು ಇಡಬೇಕಾಗಿಲ್ಲದ ಸಾದಾ ಉಳಿತಾಯ ಖಾತೆ ಇದೆ ಎಂದು ಗೊತ್ತಿತ್ತು. ನನ್ನಂಥವನಿಗೆ ಅದನ್ನೂ ಕೊಡಲಿಕ್ಕಿಲ್ಲ ಎಂದು ನಾನೇ ತೀರ್ಮಾನಿಸಿ ಇಷ್ಟು ದಿನ ಆ ಕಡೆ ಹೋಗಿರಲಿಲ್ಲ. ಈಗ ಕೇಳುವ ಮೊದಲೇ ಎಲ್ಲ ಒಪ್ಪಿಸಿಬಿಡೋಣ ಎಂದು, ಸಾಲ ತೀರಿದ ಕಾಗದಗಳನ್ನು ಬಗಲಿಗೇರಿಸಿಕೊಂಡು ಹೋದೆ.

ಕೌಂಟರಿನಲ್ಲಿ ಕನ್ನಡಕದ ಮೇಡಂ ಒಬ್ಬರಿದ್ದರು.

"ಖಾತೆ ತೆಗೀಬೇಕಾಗಿತ್ರಿ. ಆದ್ರ ನನ್ನ ಸ್ಕೋರು ಕೆಟ್ಟೈತಿ. ಯಾಕ ಕೆಟ್ಟೈತಿ ಅಂದ್ರ..."

ಹೇಳಿದೆ. ಷಡ್ಡಕ, ಸಹಿ, ಕುದುರೆ, ಬ್ಯಾಂಡು, ಬೈಪಾಸು. ಮೇಡಂ ಪೆನ್ನು ಕೆಳಗಿಟ್ಟು ಕೇಳಿದರು. ಪಕ್ಕದ ಕೌಂಟರಿನವರು ಕುರ್ಚಿ ಹತ್ತಿರ ಎಳೆದುಕೊಂಡರು. ಸಾಲಿನಲ್ಲಿದ್ದ ಒಬ್ಬ ಅಜ್ಜ, "ಸ್ವಲ್ಪ ಜೋರ್ ಹೇಳ್ರಿ, ಹಿಂದ ಕೇಳ್ಸವಲ್ದು" ಎಂದ.

"ಮದುವಿ ಆತೇನ್ರಿ ಕಡೀಕ?" ಎಂದರು ಮೇಡಂ.

"ಆತ್ರಿ. ಅವರಿಗೆ ಈಗ ಎರಡು ಮಕ್ಕಳು."

"ಕುದುರಿ?"

"ಆರಾಮ ಐತ್ರಿ."

ಮೇಡಂ ಸಮಾಧಾನದಿಂದ ಆಧಾರ್ ಕಾರ್ಡು, ಪ್ಯಾನು, ಫೋಟೊ ಕೇಳಿದರು. ನಾನು ಸಾಲದ ಕಾಗದಗಳನ್ನೂ ಮುಂದೆ ಇಟ್ಟೆ. ಹಿಂದಕ್ಕೆ ಸರಿಸಿದರು.

"ಇವು ಬ್ಯಾಡ್ರಿ. ಈ ಖಾತೇಕ್ಕ ಸ್ಕೋರು ನೋಡೂದೇ ಇಲ್ಲ. ತಿಂಗಳಿಗೆ ನಾಕ ಸಲ ರೊಕ್ಕ ತಕ್ಕೋಬಹುದು, ಎಟಿಎಂ ಕಾರ್ಡು ಬರತೈತಿ. ಇಷ್ಟೇ."

ಎದೆಯ ಮೇಲಿಂದ ಆ ಕುದುರೆಯೇ ಇಳಿದಂತಾಯಿತು. ಆಮೇಲೆ ಸಿಟ್ಟು ಬಂತು.

"ಸ್ಕೋರು ಬ್ಯಾಡಾಗಿದ್ರ ಮದಲ ಹೇಳಬಾರದೇನ್ರಿ ಮೇಡಂ? ಇಷ್ಟು ಜನರ ಮುಂದ ಎಲ್ಲಾ ಹೇಳಿದೆ."

"ಹೇಳಬೇಕಂತ ಮಾಡಿದ್ದೆನ್ರಿ" ಎಂದರು ಮೇಡಂ ಸಂಕೋಚದಿಂದ. "ಅಷ್ಟರಾಗ ಕುದುರಿ ಓಡಾಕತ್ತಿತ್ತು."

ಇನ್ನೊಂದು ಸಹಿ

ಪಗಾರ ಬಂತು. ಬಾಡಿಗೆ ಕೊಟ್ಟೆ. ಹೆಡ್‌ಮಾಸ್ತರರು ನೀರಿನ ಬಿಲ್ಲು ಮರೆತರು. ಖಾನಾವಳಿಯ ಉದ್ರಿ ತೀರಿಸಿ, ಅದೇ ಟೇಬಲ್ಲಿನಲ್ಲಿ ಕೂತು ಇನ್ನೊಮ್ಮೆ ಉಂಡೆವು. ಬಹಳ ದಿನದ ಮೇಲೆ ಮನೆಯಲ್ಲಿ ನಿದ್ದೆ ನಿದ್ದೆಯಂತೆ ಬರತೊಡಗಿತು.

ಆಗ ಷಡ್ಡಕ ಬಂದ. ಚಹಾ ಕುಡಿದ. ಕಪ್ಪು ಕೆಳಗಿಟ್ಟ.

"ಅಣ್ಣಾರ, ಭಾಳ ವಿಚಾರ ಮಾಡೇನ್ರಿ. ತಪ್ಪು ಕುದುರೀದಲ್ಲ, ಬ್ಯಾಂಡಿನ್ದು. ಮಂದಿ ಬ್ಯಾಂಡು ಅದಕ್ಕ ಪರಕೀ ಆತು. ನಮ್ಮದೇ ಒಂದು ಬ್ಯಾಂಡ್ ಕಂಪನಿ ಇದ್ರ, ದಿನಾ ಹಿತ್ತಲದಾಗ ಬಾರ್ಸಿದ್ರ, ಕುದುರಿಗೆ ರೂಢಿ ಆಗತೈತಿ. ಸಾಲ ಮಂಜೂರಾಗೂ ಹಂಗ ಐತಿ. ಬರೇ ಒಂದು ಸಹಿ."

ಹೇಳಲು ನಾಚಿಕೆ, ಪೆನ್ನು ಆಗಲೇ ನನ್ನ ಕೈಯಲ್ಲಿತ್ತು. ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಈ ಸಲ ಅವಳ ನೋಟದಲ್ಲಿ ಒಂದೇ ಅರ್ಥವಿತ್ತು. ತಂಗಿಯ ಸುದ್ದಿ ಅದರಲ್ಲಿ ಇರಲಿಲ್ಲ. ಅಷ್ಟರಲ್ಲಿ ನನಗೆ ಆ ಚಾಕಲೇಟಿನ ಬಟ್ಟಲು ನೆನಪಾಯಿತು.

"ನನ್ನ ಸಹಿ ನಡಿಯೂದಿಲ್ಲೋ" ಎಂದೆ. "ಸ್ಕೋರು ಕೆಟ್ಟೈತಿ. ಬ್ಯಾಂಕಿನವ್ರು ಒಲ್ಲೆ ಅಂತಾರ."

ಮೊಬೈಲು ತೆಗೆದು ಸ್ಕೋರು ತೋರಿಸಿದೆ. ಅವನು ನೋಡಿದ. ಅವನ ಮುಖ ಸಣ್ಣದಾಯಿತು. ನಿಜವಾಗಿಯೂ ಮರುಗಿದ.

"ಅಯ್ಯ ಶಿವನ! ಇಷ್ಟು ಕೆಟ್ಟೈತೇನ್ರಿ? ನಿಮ್ಮಂಥಾ ಮನುಷ್ಯಾಗ ಹಿಂಗ ಯಾರು ಮಾಡಿದ್ರಿ ಅಣ್ಣಾರ?"

ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದಳು. ಷಡ್ಡಕ ನನ್ನ ಭುಜ ತಟ್ಟಿ, ಧೈರ್ಯ ಹೇಳಿ, ಕಾಗದ ಮಡಚಿಕೊಂಡು ಹೋದ. ನನ್ನ ಜೀವನದಲ್ಲಿ ಮೊದಲ ಸಲ ನಾನು ಒಲ್ಲೆ ಎಂದಿದ್ದೆ, ಅದೂ ಬ್ಯಾಂಕಿನ ಬಾಯಿಂದ.

ಸಂಜೆ ಹೆಡ್‌ಮಾಸ್ತರರು ಕಟ್ಟೆಯಿಂದ ಎದ್ದು ಒಳಗೆ ಬಂದರು. ಬಾಗಿಲು ಮುಂದೆ ಮಾಡಿದರು.

"ಪ್ರೊಫೆಸರ್, ಈ ರವಿವಾರ ನನ್ನ ಅಳಿಯ ಬರಾಂವ ಇದ್ದಾನ. ಏನೋ ಒಂದು ಸಹಿ ಅಂತ ಫೋನಿನಾಗ ಅಂದಾನ."

"ಹೌದೇನ್ರಿ ಸರ? ಹಾಕ್ರಿ. ಸಹಿಗೇನು ರೊಕ್ಕ ಬೀಳತೈತೇನು?"

ಅವರು ಅದನ್ನು ಕೇಳಿಸಿಕೊಳ್ಳಲಿಲ್ಲ. ಕುರ್ಚಿಯನ್ನು ಹತ್ತಿರ ಎಳೆದರು.

"ನಿಮ್ಮ ಹತ್ರ ಅದ ಅಲ್ಲ, ಅಂಥಾದ್ದೊಂದು ಸ್ಕೋರು ನನಗೂ ಮಾಡಿಸ್ಕೊಡ್ರಿ. ಏನು ಖರ್ಚು ಬರ್ತದ ಬರ್ಲಿ. ಆದ್ರ ರವಿವಾರದೊಳಗ ಆಗಬೇಕು ನೋಡ್ರಿ."

"ಅಷ್ಟು ಲಗೂ ಆಗಬೇಕಂದ್ರ" ಎಂದೆ, "ಕುದುರಿ ಬೇಕಾಗತೈತ್ರಿ ಸರ."