ದೊಡ್ಡಮ್ಮನ ತೂಕ, ನನ್ನ ವಿಮಾನ

ನಮ್ಮ ಮನೆಯವರಿಗೂ ವಿಮಾನಕ್ಕೂ ಏನೇನೂ ಸಂಬಂಧವಿಲ್ಲ. ಆದರೂ ನನ್ನ ಪೈಲಟ್ ಪರೀಕ್ಷೆಯಲ್ಲಿ ಒಬ್ಬರಾದ ಮೇಲೊಬ್ಬರು ತಲೆ ಹಾಕುತ್ತಲೇ ಇದ್ದರು. ಹಾಕಿದ್ದು ನನ್ನ ಪುಣ್ಯ. ಕಮರ್ಷಿಯಲ್ ಲೈಸೆನ್ಸಿನ ಪರೀಕ್ಷೆಯಲ್ಲಿ ಮೊದಲ ಸಲ ನಾನು ಫೇಲಾದದ್ದು ತೂಕದ ಲೆಕ್ಕದಲ್ಲಿ. ವಿಮಾನದಲ್ಲಿ ಒಟ್ಟು ಭಾರ ಎಷ್ಟು, ಅದು ಎಲ್ಲೆಲ್ಲಿ ಕೂತಿದೆ, ಎರಡನ್ನೂ ಹಾರುವ ಮೊದಲೇ ಹೇಳಬೇಕು. ಒಟ್ಟು ಭಾರ ಮಿತಿಯೊಳಗಿದ್ದರೆ ಸಾಕು ಎಂದು ಧೈರ್ಯವಾಗಿ ಹೇಳಿ, ಮುಖ ಸಪ್ಪಗೆ ಮಾಡಿಕೊಂಡು ಭದ್ರಾವತಿಯ ಜನ್ನಾಪುರಕ್ಕೆ, ಮನೆಗೆ ಬಂದಿದ್ದೆ. ಇನ್ನೊಂದು ಸಲ ಫೇಲಾದರೆ ಹಾರುವ ಆಸೆಯನ್ನೇ ಬಿಡುವುದೆಂದು ತೀರ್ಮಾನಿಸಿದ್ದೆ.

ಅಪ್ಪನ ಮೊಪೆಡ್

ಅಪ್ಪ ಅಕ್ಕಿ ಮೂಟೆ ತರಲು ಹೊರಟರು, ನಾನೂ ಎಂದಿನಂತೆ ಹಿಂದೆ ಕೂತೆ. ಮಾಮೂಲಿಯಾಗಿ ಮೂಟೆ ಅವರ ಕಾಲ ಬಳಿ ಬರುತ್ತಿತ್ತು. ಅಂದು ವಾಪಸು ಬರುವಾಗ ಹೊಸ ಪ್ಯಾಂಟು ಕೊಳೆಯಾದೀತೆಂದು ಅದನ್ನು ಬೆನ್ನ ಹಿಂದಿಟ್ಟು, ಅದರ ಹಿಂದೆ ತುತ್ತತುದಿಯಲ್ಲಿ ನನ್ನನ್ನು ಕೂರಿಸಿದರು. ಏರು ಬಂದದ್ದೇ ತಡ, ಮುಂದಿನ ಚಕ್ರ ಹಗುರಾಗಿ ಹ್ಯಾಂಡಲ್ ಅಪ್ಪನ ಮಾತು ಕೇಳುವುದನ್ನು ಬಿಟ್ಟಿತು. ಭಾರ ಎಂದಿನಷ್ಟೇ, ಕೂತ ಜಾಗ ಬೇರೆ. ಬಾಲದ ಕಡೆ ಭಾರ ಹೆಚ್ಚಾದ ವಿಮಾನವೂ ಹೀಗೇ ಆಡುತ್ತದೆ. ಎಷ್ಟು ಓದಿದರೂ ತಲೆಗಿಳಿಯದ್ದು ಆಗ ಇಳಿಯಿತು.

"ಅಪ್ಪಾ, ನಂಗೆ ಅರ್ಥ ಆಯ್ತು," ಎಂದೆ ಹಿಂದಿನಿಂದ.

"ಅರ್ಥ ಆದ್ರೆ ಇಳಿ ಮತ್ತೆ," ಎಂದರು ಅಪ್ಪ.

ದೊಡ್ಡಮ್ಮನ ಬಳೆ

ಶಿವಮೊಗ್ಗದ ದೊಡ್ಡಮ್ಮನ ಮನೆಗೆ ಹೋದಾಗ, ಅಭ್ಯಾಸಕ್ಕೆಂದು ಅವರನ್ನೂ ದೊಡ್ಡಪ್ಪನನ್ನೂ ಕಾಗದದ ಮೇಲಿನ ವಿಮಾನಕ್ಕೆ ಹತ್ತಿಸಿದೆ. ತೂಕ ಕೇಳಿದ್ದಕ್ಕೆ ದೊಡ್ಡಮ್ಮ ಕತ್ತು ನೆಟ್ಟಗೆ ಮಾಡಿ ಐವತ್ತೈದು ಎಂದರು. ದೊಡ್ಡಪ್ಪ ಪೇಪರನ್ನು ಮುಖಕ್ಕೆ ಅಡ್ಡ ಹಿಡಿದರು.

ಸಂಜೆ ಗಾಂಧಿ ಬಜಾರಿನ ದಿನಸಿ ಅಂಗಡಿಯಲ್ಲಿ ಮೂಟೆ ತೂಗುವ ಮಷಿನ್ ಕಂಡಿತು. ಗೋಗರೆದ ಮೇಲೆ ದೊಡ್ಡಮ್ಮ ಒಪ್ಪಿದರು. ಚಪ್ಪಲಿ ಬಿಟ್ಟರು, ಬ್ಯಾಗು ಕೆಳಗಿಟ್ಟರು, ಬಳೆಗಳನ್ನೂ ಬಿಚ್ಚಿ ನನ್ನ ಕೈಗೆ ಕೊಟ್ಟರು. ಅರವತ್ತೊಂಬತ್ತು ಬಂತು. ಅಂಗಡಿಯವರು ಪಾಪ, ಸೀರೆಗೆ ಎರಡು ಕಳೆಯಬಹುದು ಎಂದು ಸಮಾಧಾನ ಹೇಳಿದರು.

"ಊಟ ಮಾಡಿ ಬಂದೋರನ್ನ ತೂಗಿದ್ರೆ ಇನ್ನೇನಾಗತ್ತೆ ಮಾರಾಯ್ತಿ," ಎಂದರು ದೊಡ್ಡಮ್ಮ. ಊಟವೂ ವಿಮಾನ ಹತ್ತುತ್ತದೆ ಎಂದು ಹೇಳುವ ಧೈರ್ಯ ನನಗಾಗಲಿಲ್ಲ.

ಪರೀಕ್ಷಕರ ಬೆಲ್ಟು

ಎರಡನೆಯ ಪರೀಕ್ಷೆಯ ದಿನ ಬಂತು. ಪಕ್ಕದ ಸೀಟಿನಲ್ಲಿ ಕೂರಬೇಕಾದವರು ಪರೀಕ್ಷಕರೇ. ಬಹಳ ಗಂಭೀರ ಮನುಷ್ಯ. ತೂಕ ಕೇಳಿದೆ. ಕತ್ತು ನೆಟ್ಟಗೆ ಮಾಡಿ, ಎಪ್ಪತ್ತು ಎಂದರು. ಅಷ್ಟೇ ಬರೆದುಕೊಂಡರೆ ಲೆಕ್ಕ ಮಿತಿಯ ಅಂಚಿನಲ್ಲಿ ಸರಿಯಾಗಿ ಕೂರುತ್ತಿತ್ತು. ಆದರೆ ಆ ಕತ್ತನ್ನು ನಾನು ಶಿವಮೊಗ್ಗದಲ್ಲಿ ನೋಡಿದ್ದೆ. ದಯವಿಟ್ಟು ಒಮ್ಮೆ ತೂಕದ ಮಷಿನ್ ಮೇಲೆ ನಿಲ್ಲಬೇಕು ಎಂದು ಕೇಳಿಕೊಂಡೆ.

ಅವರು ಶೂ ಬಿಚ್ಚಿದರು. ಕೀ ಗೊಂಚಲು, ಫೋನು ಮೇಜಿನ ಮೇಲಿಟ್ಟರು. ಬೆಲ್ಟು ಬಿಚ್ಚಿ ನನ್ನ ಕೈಗೆ ಕೊಟ್ಟರು. ಎಂಬತ್ತೆರಡು ಬಂತು. ನಾನು ಎಲ್ಲವನ್ನೂ ಮತ್ತೆ ಲೆಕ್ಕ ಹಾಕಿ, ಹಿಂದಿದ್ದ ಸಾಮಾನು ಇಳಿಸಿದೆ. ಸುಳ್ಳು ತೂಕ ಹೇಳಿದ್ದೂ ಪರೀಕ್ಷೆಯ ಭಾಗವೇ ಎಂದರು ಅವರು. ನಾನು ನಂಬಿದೆ, ಪಾಸಾಗಬೇಕಿತ್ತಲ್ಲ.

ಪಾಸಾದೆ. ಮೊದಲ ಫೋನು ದೊಡ್ಡಮ್ಮನಿಗೆ. ಎಲ್ಲ ಹೇಳಿ, ನಿಮ್ಮಿಂದಲೇ ಆಯ್ತು ದೊಡ್ಡಮ್ಮ ಎಂದೆ. ಆ ಕಡೆ ಮೂಗು ಸೀಟಿದ ಸದ್ದು ಕೇಳಿಸಿತು. ಆಮೇಲೆ ದೊಡ್ಡಮ್ಮ ನಿಧಾನವಾಗಿ ಹೇಳಿದರು:

"ಅಷ್ಟು ದೊಡ್ಡ ಸಾಹೇಬ್ರೇ ಹನ್ನೆರಡು ಕಡಿಮೆ ಹೇಳ್ತಾರೆ ಅಂದ್ಮೇಲೆ, ನನ್ನ ಐವತ್ತೈದನ್ನ ಹಾಗೇ ಇಟ್ಕೋ ಮಾರಾಯ್ತಿ."