ಎಮ್ಮೆಗೆ ‘ರೀ’ ಎನ್ನುವ ನಮ್ಮ ಕಾಕಾ

ನಮ್ಮ ಕಾಕಾನದು ಅಪರೂಪದ ಕೈಗುಣ, ಅವನು ಸೂಜಿ ಹಿಡಿದರೆ ಬಿದ್ದ ಎಮ್ಮೆ ಎದ್ದು ನಿಲ್ಲುತ್ತದೆ ಎಂದು ಗೋಕಾಕದಿಂದ ಮೂಡಲಗಿಯವರೆಗೆ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಗುಣ ಕೈಯದಾದರೆ ಔಷಧ ಯಾಕೆ? ಔಷಧದ್ದಾದರೆ ಕಾಕಾನಿಗೇಕೆ ಹೊಗಳಿಕೆ? ಊಟಕ್ಕೆ ಕೂತಾಗ ಈ ವಾದ ತೆಗೆದರೆ ಕಾಕಾ, “ವಕೀಲರ, ರೊಟ್ಟಿ ಆರಾಕತ್ತೈತಿ, ತಿನ್ರಿ” ಎನ್ನುತ್ತಾನೆ.

ಅವನಿಗೆ ದನದ ದವಾಖಾನೆಯಲ್ಲಿ ಡಾಕ್ಟರ ಕೈಕೆಳಗೆ ನೌಕರಿ. ಊರ ಮಂದಿಗೆಲ್ಲ “ಲೇ”, ಎಮ್ಮೆಗೆ ಮಾತ್ರ “ರೀ”! ಚಳಿಗಾಲದಲ್ಲಿ ಕ್ಯಾಲ್ಸಿಯಂ ಬಾಟಲಿಯನ್ನು ಬನಿಯನ್ನಿನೊಳಗೆ ಹೊಟ್ಟೆಗೆ ಒತ್ತಿಕೊಂಡೇ ಬೈಕ್ ಓಡಿಸುತ್ತಾನೆ. ತಣ್ಣನೆಯ ಔಷಧ ರಕ್ತಕ್ಕೆ ಇಳಿದರೆ ಎಮ್ಮೆ ತಡೆದುಕೊಳ್ಳುವುದಿಲ್ಲವಂತೆ. ಚಹಾದಂಗಡಿಯವರು ಆ ಉಬ್ಬು ನೋಡಿ, “ಎಷ್ಟ ತಿಂಗಳಾದುವರಿ?” ಎಂದರೆ, “ದಿನಾ ತುಂಬ್ಯಾವಲೇ” ಎಂದು ಮುಂದೆ ಹೋಗುತ್ತಾನೆ.

ಮೊನ್ನೆ ಮುಂಜಾನೆ ಮೇಲವಂಕಿಯ ಗಂಗವ್ವನ ಎಮ್ಮೆ ಬಿತ್ತು. ಹಿಂದಿನ ದಿನವಷ್ಟೇ ಈದಿತ್ತು. ಮೈಯೊಳಗಿನ ಕ್ಯಾಲ್ಸಿಯಂ ಎಲ್ಲ ಹಾಲಿಗೆ ಹರಿದು, ಕತ್ತು ಮಡಚಿ, ಕಿವಿ ತಣ್ಣಗಾಗಿ ಮಲಗಿಬಿಟ್ಟಿತ್ತು. ಗಂಗವ್ವ ಇಬ್ಬರು ಮಕ್ಕಳನ್ನು ಸಾಕುತ್ತಿದ್ದದ್ದು ಆ ಒಂದೇ ಎಮ್ಮೆಯ ಮೇಲೆ. ಡಾಕ್ಟರು ತುಕ್ಕಾನಟ್ಟಿಯಲ್ಲಿ ಇನ್ನೊಂದು ಎಮ್ಮೆಯ ಹೆರಿಗೆಯಲ್ಲಿ ಸಿಕ್ಕಿಕೊಂಡಿದ್ದರು. “ನೀವು ಶುರು ಮಾಡ್ರಿ, ನಾ ಬರತೀನಿ” ಎಂದು ಫೋನಿನಲ್ಲಿ ಹೇಳಿದರು.

ಅರ್ಧ ಔಷಧ ರಕ್ತನಾಳಕ್ಕೆ, ಇನ್ನರ್ಧ ಚರ್ಮದಡಿಗೆ. ಕಾಕಾ ಎಮ್ಮೆಯ ಕತ್ತಿನ ನಾಳಕ್ಕೆ ಸೂಜಿ ಹಾಕಿ, ನಳಿಗೆ ಜೋಡಿಸಿ, ಬಾಟಲಿಯನ್ನು ಜೊತೆಗೆ ಬಂದಿದ್ದ ನನ್ನ ಕೈಗೆ ಕೊಟ್ಟ.

“ನಿನ್ನ ಎದಿಮಟ್ಟಕ್ಕ ಹಿಡಿ. ಮ್ಯಾಲ ಎತ್ತಬ್ಯಾಡ.”

“ಎತ್ತಿದ್ರ ಲಗೂನ ಇಳೀತೈತಿ. ಲಗೂನ ಇಳಿದ್ರ ಲಗೂನ ಏಳತೈತಿ, ಅಲ್ಲೇನು?”

“ಲಗೂನ ಇಳಿದ್ರ ಎದಿ ನಿಂದರತೈತಿ. ತೊಗಲಿನ ಕೆಳಗ ಹಾಕಿದ್ದು ಸಾವಕಾಶ ಹೋಗತೈತಿ. ಇದು ನೆಟ್ಟಗ ಎದಿಗೇ ಹೋಗೂದು.”

ಅಷ್ಟು ಹೇಳಿ ಎಮ್ಮೆಯ ಪಕ್ಕೆಗೆ ಕಿವಿ ಹಚ್ಚಿ ಕೂತ. ಬಾಟಲಿಯಲ್ಲಿ ಗುಳ್ಳೆ ಒಂದೊಂದಾಗಿ ಏಳುತ್ತಿತ್ತು. ಗಂಗವ್ವ ಸೆರಗನ್ನು ಬಾಯಿಗೊತ್ತಿ ಎಮ್ಮೆಯ ಕಣ್ಣನ್ನೇ ನೋಡುತ್ತಿದ್ದಳು, ಅದು ಮುಚ್ಚಿಕೊಳ್ಳುತ್ತಿತ್ತು. ಜೀವ ಹೋಗುವಾಗಲೂ ಇಷ್ಟು ನಿಧಾನವೇ? ಇದಕ್ಕೇನು ಆಧಾರ? ನಾನು ಬಾಟಲಿಯನ್ನು ತಲೆಗಿಂತ ಒಂದು ಗೇಣು ಮೇಲಕ್ಕೆತ್ತಿದೆ.

ಗುಳ್ಳೆಗಳು ಸರಸರನೆ ಏರಿದವು. ಕಾಕಾ ತಲೆ ಎತ್ತಲಿಲ್ಲ. ಅವನ ಕೈ ಮಾತ್ರ ಹಾರಿಬಂದು ನಳಿಗೆಯನ್ನು ಹಿಸುಕಿ ಹಿಡಿಯಿತು.

“ತಡೀರಿ ಅವ್ವಾರ. ಹೋಗಬ್ಯಾಡ್ರಿ. ತಡೀರಿ.” ಎಮ್ಮೆಗೇ ಹೇಳುತ್ತಿದ್ದ.

“ಏನಾತ ಅಣ್ಣಾ?” ಗಂಗವ್ವ ಸೆರಗು ಬಿಟ್ಟು ಕೇಳಿದಳು.

“ಏನಿಲ್ಲವಾ. ನಳಿಗಿ ಮಡಚಿತ್ತು.”

ಬಾಟಲಿ ನನ್ನ ಎದೆಮಟ್ಟಕ್ಕೆ ಯಾವಾಗ ಇಳಿಯಿತೋ ನನಗೆ ತಿಳಿಯದು. ಎಮ್ಮೆಯ ಎದೆಬಡಿತ ಸರಿಹೋಗಿದೆ ಎಂದು ಗೊತ್ತಾದದ್ದು ಕಾಕಾನ ಬೆರಳು ಸಡಿಲಾದಾಗ. ಉಳಿದದ್ದನ್ನು ಅವನು ಚರ್ಮದಡಿಗೆ ಇಳಿಸಿದ. ಎಮ್ಮೆ ಮೈ ನಡುಗಿಸಿತು, ತೇಗಿತು, ಸಗಣಿ ಹಾಕಿತು, ಆಮೇಲೆ ಯಾರನ್ನೋ ಬೈಯುವಂತೆ ಗುರುಗುಟ್ಟಿ ಎದ್ದು ನಿಂತಿತು.

“ನಿನ್ನ ಕೈಗುಣಾನ ಖರೇ, ಅಣ್ಣಾ” ಎಂದಳು ಗಂಗವ್ವ.

“ಬಾಟ್ಲಿ ಹಿಡಿದವರದೂ ಐತಿ ಬಿಡವಾ” ಎಂದ ಕಾಕಾ.

ಹಿತ್ತಲಿನಲ್ಲಿ ಅವನು ಕೈ ತೊಳೆಯಲು ಬೊಗಸೆ ಒಡ್ಡಿದ. ನಾನು ತಂಬಿಗೆಯಿಂದ ನೀರು ಹಾಕಿದೆ. ಹಾಕಿದ ನೀರು ಬೊಗಸೆಯಲ್ಲಿ ನಿಲ್ಲಲಿಲ್ಲ. ಅವನ ಎರಡೂ ಕೈ ಅಷ್ಟು ನಡುಗುತ್ತಿದ್ದವು.

“ಕಾಕಾ, ಹಿಂದ ಯಾವಾಗರ ನೀನೂ ಹಿಂಗ ಬಾಟ್ಲಿ ಎತ್ತಿದ್ದೇನು?”