ಉಪ್ಪಿನಕಾಯಿ ಭರಣಿ ಯಾರ ಮುಂದೋ ಅವರದೇ ಪಾಳಿ

ನಮ್ಮ ದೊಡ್ಡಪ್ಪ ಗಾಳಿ ಹಂಚಿ ಸಂಬಳ ಎಣಿಸಿಕೊಂಡವರು ಎಂದರೆ ನೀವು ನಗುತ್ತೀರಿ. ನಗಿರಿ! ನಾವೂ ನಕ್ಕು ಸುಸ್ತಾದ ಮೇಲೆಯೇ ನಂಬಿದ್ದು.

ಮೊಬೈಲ್ ಕಂಪನಿಗಳು ಹರಾಜಿನಲ್ಲಿ ಹಿಡಿಯುವ ಸ್ಪೆಕ್ಟ್ರಮ್, ಅಂದರೆ ರೇಡಿಯೊ ತರಂಗ ಇದೆಯಲ್ಲ, ಅದನ್ನು ಎರಡು ಕಂಪನಿಗಳು ಹೇಗೆ ಹಂಚಿಕೊಂಡರೆ ಇಬ್ಬರಿಗೂ ಗಿಟ್ಟುತ್ತದೆ ಎಂದು ಲೆಕ್ಕ ಹಾಕುವುದೇ ಅವರ ನೌಕರಿ. ನಿವೃತ್ತರಾಗಿ ಬಳ್ಳಾರಿಯ ಗಾಂಧಿನಗರದ ಮನೆ ಸೇರಿದ ಮೇಲೆ ಹಂಚಲು ತರಂಗ ಎಲ್ಲಿಂದ ಬರಬೇಕು? ಹಾಗಂತ ಸುಮ್ಮನೆ ಕೂರುವ ಜೀವವೇ ಅದು? ಸಿಕ್ಕ ಸಿಕ್ಕವರಿಗೆ ಪಾಠ ಹಂಚತೊಡಗಿದರು.

ಸಿರುಗುಪ್ಪದ ಹತ್ತಿರ ಹಚ್ಚೊಳ್ಳಿಯಲ್ಲಿ ನಮ್ಮ ಬೀಗರ ಗದ್ದೆಯಿದೆ. ಅಲ್ಲಿ ಕಾಲುವೆ ದಂಡೆಯ ಮೇಲೆ ಒಮ್ಮೆ ದೊಡ್ಡಪ್ಪನ ಪಾಠ ಶುರುವಾಯಿತು.

"ನೀರಿಗೆ ಪಾಳಿ ಹಚ್ಚೀರಿ ಹೌದಲ್ರೀ? ನಿಮ್ಮ ಗದ್ದಿ ತುಂಬೈತಿ, ಬಾಜೂದವನದು ಒಣಗೈತಿ. ಇವತ್ತು ನಿಮ್ಮ ಪಾಳಿ ಅವಗ ಬಿಡ್ರಿ, ನಾಳಿ ಅವನ ಪಾಳಿ ನಿಮಗ. ಇಬ್ರಿಗೂ ಬೆಳಿ ಬಂತು! ತರಂಗಾನೂ ಹಂಗ. ನೀರನ್ನಾರ ಕೆರ್ಯಾಗ ಹಿಡದಿಡಬಹುದು, ತರಂಗ ಈಗ ಬಳಸಲಿಲ್ಲಂದ್ರ ಹೋತು!"

ಬೀಗರು ತಲೆ ಕೆರೆದುಕೊಂಡರು. "ಇಬ್ರೂ ಹಿಂಗ ಕೂಡಿಕೊಂಡು, ಆಮ್ಯಾಲ ರೇಟು ಏರಸಿದ್ರ?"

"ಶಾಭಾಸ್! ಅದಕ್ಕ ಮೂರನೇ ಕಂಪನಿ ಒಂದು ಗಟ್ಟಿಯಾಗಿ ಬದುಕಿರಬೇಕು. ಇವರು ಏರಸಿದ್ರ ಗಿರಾಕಿ ಅಲ್ಲಿಗೆ ಹೋಗ್ತಾರ!"

"ಅದೆಲ್ಲಾ ಇರ್ಲಿ. ನನ್ನ ಫೋನಿಗೆ ಸಿಗ್ನಲ್ ಯಾವಾಗ ಬರತೈತ್ರಿ?"

ದೊಡ್ಡಪ್ಪ ಗಂಭೀರವಾಗಿ ಬೀಗರು ತಂದಿದ್ದ ಮಿರ್ಚಿ ಬಜ್ಜಿಯ ಕಡೆ ತಿರುಗಿದರು.

ಪಾಠ ಕೇಳುವವರು ಕಡಿಮೆಯಾದಂತೆ ಕಾನೂನು ಮನೆಯೊಳಗೆ ಬಂತು. ಮಿಕ್ಸಿ ತಿರುಗುವಾಗ ಟಿವಿ ಬಂದ್. ಊಟಕ್ಕೆ ಕೂತಾಗ ಉಪ್ಪಿನಕಾಯಿ ಭರಣಿ ಯಾರ ಮುಂದಿದೆಯೋ ಅವರೊಬ್ಬರೇ ಮಾತಾಡಬೇಕು. "ಒಂದ ತರಂಗದಾಗ ಇಬ್ರು ನುಗ್ಗಿದ್ರ ಇಬ್ರದೂ ಕೆಡತೈತಿ!" ಅಷ್ಟೇ ಅಲ್ಲ, ಮಾತಾಡುವವರು ದೊಡ್ಡಮ್ಮನ ಕಡೆ ಮುಖ ಮಾಡಬೇಕು. ಯಾಕೆಂದರೆ ಆಕೆಯೇ ಈ ಮನೆಯ ಟವರಂತೆ! ನನ್ನ ಕಷ್ಟ ಕೇಳಿ: ಉಪ್ಪಿನಕಾಯಿ ಬೇಕು ಎಂದು ಕೇಳಲಿಕ್ಕೂ ನನ್ನ ಮುಂದೆ ಉಪ್ಪಿನಕಾಯಿ ಇರಬೇಕಿತ್ತು.

ಇಂಥ ಮನೆಗೆ ತಂಗಿಯನ್ನು, ಅಂದರೆ ದೊಡ್ಡಪ್ಪನ ಮಗಳನ್ನು, ನೋಡಲು ಕುರುಗೋಡಿನಿಂದ ಗಂಡಿನವರು ಬರುತ್ತಾರೆಂದಾಯಿತು. ಹುಡುಗ ಅವಳಿಗೆ ಮೊದಲೇ ಒಪ್ಪಿಗೆ. ನನ್ನನ್ನು ಮೂಲೆಗೆ ಎಳೆದಳು. "ಅಣ್ಣಾ, ನಿನಗ ಕೈ ಮುಗೀತೀನಿ. ಅಪ್ಪನ ಭರಣಿ ಇವತ್ತು ಹೊರಗ ಬಂತಂದ್ರ ಈ ಸಂಬಂಧ ಹೋತು ಅಂತ ತಿಳಕೋ." ನಾನು ಭರಣಿಯನ್ನು ಅಕ್ಕಿ ಡಬ್ಬದ ಹಿಂದೆ ಅಡಗಿಸಿಟ್ಟು ನಿಶ್ಚಿಂತನಾದೆ.

ಗಂಡಿನವರು ಬಂದರು. ಅಬ್ಬಾ, ಏನು ಗದ್ದಲ! ಒಬ್ಬರು ಭತ್ತದ ರೇಟು, ಇನ್ನೊಬ್ಬರು ಬಸ್ಸಿನ ರಶ್ಶು, ಮತ್ತೊಬ್ಬರು ತೆಲುಗಿನಲ್ಲಿ ಫೋನು. ಅದರ ನಡುವೆ ಹುಡುಗನ ಅಜ್ಜಿ ದೊಡ್ಡಮ್ಮನಿಗೆ ಏನೋ ಕೇಳಿದರು. ದೊಡ್ಡಮ್ಮ ಸುಮ್ಮನೆ ನಕ್ಕಳು. ಅಜ್ಜಿ ಮತ್ತೆ ಕೇಳಿದರು. ದೊಡ್ಡಮ್ಮ ಮತ್ತೆ ನಕ್ಕಳು. ಅಜ್ಜಿಯ ಮುಖ ಬಿಗಿಯಿತು.

ದೊಡ್ಡಪ್ಪ ಎದ್ದು ಒಳಗೆ ಹೋದರು. ಡಬ್ಬಗಳು ಉರುಳಿದ ಸದ್ದು. ಭರಣಿ ಬಂತು! ಒಗ್ಗರಣೆ ಮಂಡಕ್ಕಿ ತಟ್ಟೆಗಳ ನಡುವೆ ಅದನ್ನು ಕುಕ್ಕಿ, "ಒಬ್ಬೊಬ್ರು ಮಾತಾಡ್ರಿ. ಇದು ನಮ್ಮ ಮನಿ ಪದ್ಧತಿ" ಎಂದರು. ತಂಗಿ ಕಣ್ಣು ಮುಚ್ಚಿಕೊಂಡಳು.

ಅಜ್ಜಿ ಭರಣಿಯನ್ನು ತಮ್ಮ ಕಡೆ ಎಳೆದುಕೊಂಡರು. "ತರ್ರಿ ಇಲ್ಲಿ! ನಮ್ಮ ಮನ್ಯಾಗ ನನಗ ಮಾತಾಡಾಕ ಪಾಳಿನ ಬರಂಗಿಲ್ಲ." ಎಲ್ಲರೂ ನಕ್ಕು ತೆಪ್ಪಗಾದರು. ಅಜ್ಜಿ ದೊಡ್ಡಮ್ಮನತ್ತ ತಿರುಗಿ, "ಮಗಳನ್ನ ಬಿಟ್ಟಿರಾಕ ಆಗತೈತೇನವಾ ನಿನಗ?" ಎಂದರು.

"ಆಗಂಗಿಲ್ರಿ" ಎಂದಳು ದೊಡ್ಡಮ್ಮ ತಟ್ಟನೆ. "ಆದ್ರೂ ಕೊಡ್ತೀನಿ. ಚಂದಾಗಿ ನೋಡ್ಕೊಳ್ರಿ."

ಅಜ್ಜಿ ಆಕೆಯ ಕೈ ಹಿಡಿದುಕೊಂಡರು. ಸಂಬಂಧ ಕುದುರಿತು.

ಅವರನ್ನು ಕಳಿಸಿ ಬರುವಾಗ ಗೇಟಿನ ಹತ್ತಿರ ಮೆಲ್ಲಗೆ ಕೇಳಿದೆ. "ದೊಡ್ಡಪ್ಪಾ, ದೊಡ್ಡಮ್ಮಗ ಕಿವಿ..."

"ಒಬ್ಬೊಬ್ರು ಮಾತಾಡಿದ್ರ ಎಲ್ಲಾ ಕೇಳತೈತಿ. ಗದ್ದಲದಾಗ ಅಷ್ಟ ತಪ್ಪತೈತಿ. ಕಿವುಡಿ ಅನಸ್ಕೊಳ್ಳೋದು ಆಕಿಗೆ ಬ್ಯಾಡಲೇ. ನಾ ಹುಚ್ಚ ಅನಸ್ಕೊಂಡ್ರ ಏನಾತು?"

ಆ ರಾತ್ರಿ ಊಟಕ್ಕೆ ಕೂತಾಗ ಎಲ್ಲರಿಗಿಂತ ಮೊದಲು ಭರಣಿಯನ್ನು ನಾನೇ ಎಳೆದುಕೊಂಡೆ. ದೊಡ್ಡಮ್ಮನ ಕಡೆ ಮುಖ ಮಾಡಿ, "ಸಾರು ಭಾಳ ಚಂದಾಗೈತಿ" ಎಂದೆ.

"ಹೌದೇನಲೇ? ಇನ್ನೊಂದು ಸೌಟು ಹಾಕಲೇನು?" ಎಂದಳು ದೊಡ್ಡಮ್ಮ.